ಅಂಕಿಯ ಜೊತೆ ಕಾಲಂ ಹೆಸರೂ ಬರಲಿ

ಕಾಲಂ ಎಂದರೇನು ಎಂದು ಕರ್ನಾಟಕದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ‘9ರಲ್ಲಿ ಇನ್ನೂ ಅಪ್ಪನ ಹೆಸರೇ ಇದೆ’, ‘11ರಲ್ಲಿ ಬ್ಯಾಂಕಿನ ಸಾಲ ಕೂತಿದೆ’, ‘3ಕ್ಕೂ 9ಕ್ಕೂ ತಾಳೆಯಾಗುತ್ತಿಲ್ಲ’ ಎಂಬ ಮಾತುಗಳು ನಾಡಕಚೇರಿಗಳಲ್ಲಿ ಕಿವಿಗೆ ಬೀಳುತ್ತಲೇ ಇರುತ್ತವೆ. ಪಹಣಿಯ 3ನೇ ಕಾಲಂನಲ್ಲಿ ಜಮೀನಿನ ವಿಸ್ತೀರ್ಣ ಇರುತ್ತದೆ, 9ರಲ್ಲಿ ಸ್ವಾಧೀನದಾರರ ಹೆಸರು ಮತ್ತು ಅವರ ಪಾಲಿನ ವಿಸ್ತೀರ್ಣ, 11ರಲ್ಲಿ ಇತರ ಹಕ್ಕು ಮತ್ತು ಋಣಗಳು. ಬರೀ ಸಂಖ್ಯೆ ಹೇಳಿದರೂ ಕೇಳುವವರಿಗೆ ಅರ್ಥವಾಗುತ್ತದೆ, ಏಕೆಂದರೆ ಆ ನಮೂನೆ ಭೂಕಂದಾಯ ನಿಯಮಗಳಲ್ಲಿ ಗೊತ್ತುಪಡಿಸಿದ್ದು. ಯಾವ ತಹಶೀಲ್ದಾರರೂ ತಮ್ಮ ಅನುಕೂಲ ನೋಡಿಕೊಂಡು 9ನೇ ಕಾಲಂ ಅನ್ನು 10ಕ್ಕೆ ಸರಿಸುವಂತಿಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರ್ ಸೇರಿದಾಗಲೂ ಮುದ್ರಿತ ಹಾಳೆಯ ಮೇಲೆ ಆ ಸಂಖ್ಯೆ, ಆ ಶೀರ್ಷಿಕೆಗಳು ಹಾಗೆಯೇ ಉಳಿದವು. ಆದರೆ ಇಂದು ನಾವು ನೋಡುವ ನೂರಾರು ಜಾಲತಾಣಗಳ ಹಿಂದಿರುವ ಡೇಟಾಬೇಸ್‌ಗಳಿಗೆ ಇಂಥ ಕಾನೂನಿನ ಕಟ್ಟು ಇಲ್ಲ. ಅಲ್ಲಿ ಕಾಲಂಗಳು ಸೇರುತ್ತವೆ, ಹೋಗುತ್ತವೆ, ಜಾಗ ಬದಲಿಸುತ್ತವೆ. ಹಾಗಾಗಿ ಅಲ್ಲಿಂದ ಬರುವ ಅಂಕಿಯನ್ನು ಸ್ಥಾನದಿಂದಲ್ಲ, ಹೆಸರಿನಿಂದ ಓದಬೇಕು. ಆ ಹೆಸರು ಓದುಗನ ಪರದೆಯವರೆಗೂ, ಅವನು ಇಳಿಸಿಕೊಳ್ಳುವ ಕಡತದವರೆಗೂ ಅಂಕಿಯ ಜೊತೆಗೇ ಬರಬೇಕು ಎಂಬುದು ಈ ಬರಹದ ವಾದ. ಇದು ತಂತ್ರಜ್ಞರ ಒಳಮನೆಯ ವಿಷಯದಂತೆ ಕಂಡರೂ ಇದರ ಲಾಭ ನಷ್ಟ ಎರಡೂ ಬಂದು ತಟ್ಟುವುದು ಸಾಮಾನ್ಯ ನಾಗರಿಕನಿಗೆ.

ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು ಆರಿಸಿ ‘ಹುಡುಕಿ’ ಎಂಬ ಗುಂಡಿ ಒತ್ತಿದಾಗ ತೆರೆಮರೆಯಲ್ಲಿ ನಡೆಯುವುದು ಇಷ್ಟು: ಪಿಎಚ್‌ಪಿ, ಜಾವಾ ಅಥವಾ ಪೈಥಾನ್‌ನಲ್ಲಿ ಬರೆದ ಒಂದು ಪ್ರೋಗ್ರಾಂ ಡೇಟಾಬೇಸ್‌ಗೆ ಕ್ವೆರಿ ಕಳಿಸುತ್ತದೆ, ಡೇಟಾಬೇಸ್ ಫಲಿತಾಂಶ ಕೊಡುತ್ತದೆ, ಪ್ರೋಗ್ರಾಂ ಅದನ್ನು ಪುಟದ ಮೇಲೆ ಕೋಷ್ಟಕವಾಗಿ ಹರಡುತ್ತದೆ. ಫಲಿತಾಂಶದಲ್ಲಿ ಎರಡು ಭಾಗಗಳಿರುತ್ತವೆ. ಒಂದು, ಸಾಲು ಸಾಲಾಗಿ ಬರುವ ಮಾಹಿತಿ. ಇನ್ನೊಂದು, ಆ ಸಾಲುಗಳಲ್ಲಿ ಯಾವ ಯಾವ ಕಾಲಂ ಇವೆ, ಅವುಗಳ ಹೆಸರೇನು, ಅವು ಸಂಖ್ಯೆಯೋ ದಿನಾಂಕವೋ ಅಕ್ಷರವೋ ಎಂಬ ವಿವರ. ಈ ಎರಡನೆಯದನ್ನು ಮೆಟಾಡೇಟಾ ಎನ್ನುತ್ತಾರೆ. ಅದನ್ನು ಕೇಳಿ ಪಡೆಯುವ ದಾರಿ ಎಲ್ಲ ಪ್ರಮುಖ ಭಾಷೆಗಳಲ್ಲೂ ಇದೆ. ಪಿಎಚ್‌ಪಿಯ ಮೈಎಸ್‌ಕ್ಯೂಎಲ್‌ಐನಲ್ಲಿ ‘ಫೆಚ್ ಫೀಲ್ಡ್ಸ್’, ಜಾವಾದಲ್ಲಿ ‘ರಿಸಲ್ಟ್‌ಸೆಟ್ ಮೆಟಾಡೇಟಾ’, ಪೈಥಾನ್‌ನಲ್ಲಿ ಕರ್ಸರ್‌ನ ‘ಡಿಸ್ಕ್ರಿಪ್ಷನ್’. ಬರೆಯಬೇಕಾದ್ದು ಒಂದೆರಡು ಸಾಲು. ಆದರೂ ಎಷ್ಟೋ ಪ್ರೋಗ್ರಾಂಗಳು ಈ ವಿವರದ ಕಡೆ ತಿರುಗಿಯೂ ನೋಡದೆ, ‘ಮೂರನೆಯ ಮನೆಯಲ್ಲಿರುವುದು ಮೊತ್ತ’ ಎಂದು ತಾವೇ ನಿರ್ಧರಿಸಿಕೊಂಡು ಮುಂದೆ ಹೋಗುತ್ತವೆ. ಶೀರ್ಷಿಕೆಯನ್ನು ಪುಟದ ಮೇಲೆ ಕೈಯಾರೆ ಬರೆದಿಟ್ಟಿರುತ್ತಾರೆ. ಅದರ ಕೆಳಗೆ ಬರುವ ಅಂಕಿ ನಿಜವಾಗಿ ಅದೇ ಕಾಲಂನದೇ ಎಂದು ಪರೀಕ್ಷಿಸುವವರು ಯಾರೂ ಇರುವುದಿಲ್ಲ.

ಸ್ಥಾನವನ್ನು ನಂಬಬೇಡಿ, ಹೆಸರನ್ನು ಹಿಡಿಯಿರಿ ಎಂಬುದು ಹೊಸ ಉಪದೇಶವಲ್ಲ. ಇಂದಿನ ಬಹುತೇಕ ಡೇಟಾಬೇಸ್‌ಗಳಿಗೆ ತಳಹದಿಯಾದ ರಿಲೇಷನಲ್ ಮಾದರಿಯನ್ನು ಐಬಿಎಂ ಸಂಸ್ಥೆಯ ಸ್ಯಾನ್ ಹೊಸೆ ಸಂಶೋಧನಾಲಯದಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದಾಗಲೇ ಈ ಪ್ರಶ್ನೆ ಎತ್ತಿದ್ದರು. ಕಾಲಂಗಳು ಹೆಚ್ಚಿದಂತೆ ಅವುಗಳ ಅನುಕ್ರಮವನ್ನು ನೆನಪಿಟ್ಟುಕೊಳ್ಳುವ ಹೊರೆಯನ್ನು ಬಳಕೆದಾರರ ತಲೆಗೆ ಕಟ್ಟಬಾರದು, ಅವರು ವ್ಯವಹರಿಸುವುದು ಹೆಸರುಗಳ ಮೂಲಕವೇ ಆಗಬೇಕು ಎಂಬುದು ಅವರ ನಿಲುವು. 1985ರಲ್ಲಿ ಅವರು ರಿಲೇಷನಲ್ ಡೇಟಾಬೇಸ್ ಎನಿಸಿಕೊಳ್ಳಲು ಬೇಕಾದ ನಿಯಮಗಳನ್ನು ಪಟ್ಟಿ ಮಾಡಿದಾಗ, ಟೇಬಲ್‌ನ ಹೆಸರು, ಸಾಲನ್ನು ಗುರುತಿಸುವ ಪ್ರೈಮರಿ ಕೀ ಮತ್ತು ಕಾಲಂ ಹೆಸರು, ಈ ಮೂರು ಗೊತ್ತಿದ್ದರೆ ಯಾವ ಮಾಹಿತಿಯನ್ನಾದರೂ ತಲುಪಲು ಸಾಧ್ಯವಾಗಬೇಕು ಎಂದರು. ಡೇಟಾಬೇಸ್ ತನ್ನ ರಚನೆಯ ವಿವರವನ್ನೂ ಮಾಹಿತಿಯಷ್ಟೇ ಸಲೀಸಾಗಿ, ಅದೇ ಬಗೆಯ ಕ್ವೆರಿಗೆ ಒದಗಿಸಬೇಕು ಎಂಬುದೂ ಆ ನಿಯಮಗಳಲ್ಲಿ ಒಂದು. ಆದರೆ ಆ ಮಾದರಿಯ ಮೇಲೆ ಬೆಳೆದ ಎಸ್‌ಕ್ಯೂಎಲ್ ಭಾಷೆ ರಾಜಿ ಮಾಡಿಕೊಂಡಿತು. ಅದರ ಫಲಿತಾಂಶದಲ್ಲಿ ಕಾಲಂಗಳಿಗೆ ಎಡದಿಂದ ಬಲಕ್ಕೆ ಒಂದು ಕ್ರಮವಿದೆ. ಒಂದೇ ಹೆಸರಿನ ಎರಡು ಕಾಲಂ ಇರಬಹುದು. ಹೆಸರೇ ಇಲ್ಲದ ಕಾಲಂ ಕೂಡ ಇರಬಹುದು. ಇಂದಿನ ತೊಂದರೆಗಳ ಬೇರು ಇರುವುದು ಈ ಸಡಿಲಿಕೆಯಲ್ಲಿ.

ಸ್ಥಾನ ನೋಡಿ ಓದುವುದರ ಅಪಾಯ ಎಂಥದ್ದು ಎಂಬುದಕ್ಕೆ ಒಂದು ಫಲಾನುಭವಿ ಪಟ್ಟಿಯನ್ನು ತೆಗೆದುಕೊಳ್ಳೋಣ. ಟೇಬಲ್‌ನಲ್ಲಿ ಹೆಸರು, ಗ್ರಾಮ, ಮಂಜೂರಾದ ಮೊತ್ತ, ಪಾವತಿಯಾದ ಮೊತ್ತ ಎಂಬ ನಾಲ್ಕು ಕಾಲಂ ಇವೆ. ಪ್ರೋಗ್ರಾಂ ‘ಎಲ್ಲ ಕಾಲಂ ಕೊಡು’ ಎಂಬರ್ಥದ ‘ಸೆಲೆಕ್ಟ್ ಸ್ಟಾರ್’ ಕ್ವೆರಿ ಕಳಿಸಿ, ಮೂರನೆಯದನ್ನು ಮಂಜೂರಾತಿ ಎಂದೂ ನಾಲ್ಕನೆಯದನ್ನು ಪಾವತಿ ಎಂದೂ ಓದುತ್ತಿದೆ. ಎರಡು ವರ್ಷದ ಮೇಲೆ ಯಾರೋ ಗ್ರಾಮದ ಪಕ್ಕದಲ್ಲಿ ‘ಕೋರಿದ ಮೊತ್ತ’ ಎಂಬ ಕಾಲಂ ಸೇರಿಸುತ್ತಾರೆ. ಆ ಕ್ಷಣದಿಂದ ಪುಟದ ಮೇಲೆ ಕೋರಿದ್ದು ಮಂಜೂರಾದದ್ದಾಗುತ್ತದೆ, ಮಂಜೂರಾದದ್ದು ಪಾವತಿಯಾದದ್ದಾಗುತ್ತದೆ. ಮೂರೂ ರೂಪಾಯಿಯ ಅಂಕಿಗಳಾದ್ದರಿಂದ ಪ್ರೋಗ್ರಾಂ ನಿಲ್ಲುವುದಿಲ್ಲ, ತಪ್ಪು ಎಂಬ ಸೂಚನೆ ಬರುವುದಿಲ್ಲ. ಕೈಗೆ ಹಣ ಬಾರದ ರೈತನಿಗೆ ಮಾತ್ರ ‘ನಿಮಗೆ ಪಾವತಿಯಾಗಿದೆಯಲ್ಲ’ ಎಂಬ ಉತ್ತರ ಸಿಗುತ್ತದೆ. ಇದರ ಜೊತೆಗೆ ಎಣಿಕೆಯ ಗೊಂದಲ ಬೇರೆ: ಪಿಎಚ್‌ಪಿ, ಪೈಥಾನ್‌ಗಳಲ್ಲಿ ಮೊದಲ ಕಾಲಂ ಸೊನ್ನೆ; ಜಾವಾದ ಜೆಡಿಬಿಸಿಯಲ್ಲಿ ಮೊದಲ ಕಾಲಂ ಒಂದು. ಪಹಣಿಯ 9ನೇ ಕಾಲಂ ಒಂದು ಕಡೆ 8, ಇನ್ನೊಂದು ಕಡೆ 9. ಹಳೆಯ ವ್ಯವಸ್ಥೆಯನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಒಂದು ಮನೆಯಷ್ಟು ಆಚೀಚೆಯಾಗುವ ತಪ್ಪಿಗೆ ಇಷ್ಟು ಸಾಕು. ಅದೇ ಪ್ರೋಗ್ರಾಂ ‘ಪಾವತಿಯಾದ ಮೊತ್ತ’ ಎಂಬ ಹೆಸರಿನಿಂದ ಕೇಳಿದ್ದರೆ ಪಕ್ಕದಲ್ಲಿ ಹತ್ತು ಕಾಲಂ ಸೇರಿದರೂ ಅದಕ್ಕೆ ಬಾಧೆ ಇರುತ್ತಿರಲಿಲ್ಲ. ಆ ಕಾಲಂ ಅನ್ನೇ ಯಾರಾದರೂ ತೆಗೆದುಹಾಕಿದ್ದರೆ ಅಂಥ ಹೆಸರು ಇಲ್ಲವೆಂಬ ದೂರು ಕೂಡಲೇ ಬರುತ್ತಿತ್ತು. ತಪ್ಪಾದಾಗ ಕೂಗಿ ಹೇಳುವ ವ್ಯವಸ್ಥೆ ತಪ್ಪನ್ನು ಮುಚ್ಚಿಡುವ ವ್ಯವಸ್ಥೆಗಿಂತ ಯಾವಾಗಲೂ ಮೇಲು.

ಹಾಗೆಂದು ಹೆಸರಿನಿಂದ ಓದಿದರೆ ಎಲ್ಲವೂ ಸರಿಹೋಗುತ್ತದೆ ಎಂದಲ್ಲ. ಹೆಸರನ್ನು ಯೋಚಿಸಿ ಇಡದಿದ್ದರೆ ಅಲ್ಲೂ ಮೋಸವಿದೆ. ಅರ್ಜಿಗಳ ಟೇಬಲ್‌ನಲ್ಲಿ ‘ದಿನಾಂಕ’ ಎಂಬ ಕಾಲಂ ಇದೆ, ವಿಲೇವಾರಿಯ ಟೇಬಲ್‌ನಲ್ಲೂ ‘ದಿನಾಂಕ’ ಇದೆ ಎಂದಿಟ್ಟುಕೊಳ್ಳಿ. ಎರಡನ್ನೂ ಜೋಡಿಸಿ ಕ್ವೆರಿ ಕಳಿಸಿದರೆ ಫಲಿತಾಂಶದಲ್ಲಿ ಎರಡು ‘ದಿನಾಂಕ’ ಬರುತ್ತವೆ. ಪಿಎಚ್‌ಪಿಯ ‘ಫೆಚ್ ಅಸೋಕ್’ ಪ್ರತಿ ಸಾಲನ್ನೂ ಹೆಸರಿನ ಪ್ರಕಾರ ಜೋಡಿಸಿ ಕೊಡುವ ಸೌಲಭ್ಯ. ಒಂದೇ ಹೆಸರಿನ ಕಾಲಂಗಳಿದ್ದರೆ ಕೊನೆಯದು ಉಳಿದು ಹಿಂದಿನದು ಅಳಿಸಿಹೋಗುತ್ತದೆ ಎಂದು ಪಿಎಚ್‌ಪಿಯ ಕೈಪಿಡಿಯೇ ಹೇಳುತ್ತದೆ. ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ. ಅರ್ಜಿ ಬಂದ ದಿನವನ್ನೂ ವಿಲೇವಾರಿಯ ದಿನವನ್ನೂ ಹೀಗೆ ಒಂದೇ ಮನೆಯಿಂದ ಓದಿದ ಪ್ರೋಗ್ರಾಂಗೆ ವಿಳಂಬ ಎಷ್ಟು ದಿನ ಎಂದು ಕೇಳಿದರೆ ಸೊನ್ನೆ ಎನ್ನುತ್ತದೆ. ಅಂದರೆ ಪ್ರತಿ ಅರ್ಜಿಯೂ ಬಂದ ದಿನವೇ ಇತ್ಯರ್ಥವಾದಂತೆ ವರದಿ ಸಿದ್ಧ. ಸೇವೆಗಳಿಗೆ ಕಾಲಮಿತಿ ಗೊತ್ತುಮಾಡಿದ 2011ರ ಸಕಾಲ ಕಾನೂನಿನಂಥದ್ದು ಇರುವ ರಾಜ್ಯದಲ್ಲಿ ಇಂಥ ಸೊನ್ನೆಯ ಬೆಲೆ ಏನೆಂದು ವಿವರಿಸಬೇಕಿಲ್ಲ. ಇದಕ್ಕೆ ಮದ್ದು ಕ್ವೆರಿಯಲ್ಲೇ ಇದೆ. ‘ಆ್ಯಸ್’ ಎಂಬ ಒಂದು ಪದ ಸೇರಿಸಿ ಮೊದಲನೆಯದಕ್ಕೆ ‘ಅರ್ಜಿ ದಿನಾಂಕ’, ಎರಡನೆಯದಕ್ಕೆ ‘ವಿಲೇವಾರಿ ದಿನಾಂಕ’ ಎಂದು ಹೆಸರಿಟ್ಟರೆ ಮುಗಿಯಿತು. ಹಾಗೆ ಹೊಸ ಹೆಸರು ಕೊಟ್ಟರೂ ಮೂಲ ಮರೆಯಾಗುವುದಿಲ್ಲ: ಮೈಎಸ್‌ಕ್ಯೂಎಲ್‌ಐ ಕೊಡುವ ವಿವರದಲ್ಲಿ ಇಟ್ಟ ಹೆಸರು, ಮೂಲ ಹೆಸರು, ಬಂದ ಟೇಬಲ್ ಮೂರೂ ಇರುತ್ತವೆ.

ಲೆಕ್ಕ ಹಾಕಿ ಪಡೆದ ಕಾಲಂಗಳ ಕಥೆ ಇನ್ನೂ ಅನಿಶ್ಚಿತ. ಮಂಜೂರಾದ ಮೊತ್ತದಲ್ಲಿ ಪಾವತಿಯಾದದ್ದನ್ನು ಕಳೆದು ಬಾಕಿ ಕೊಡು ಎಂದು ಕೇಳಿ, ಹೆಸರು ಮಾತ್ರ ಕೊಡದೆ ಬಿಟ್ಟರೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಆ ಲೆಕ್ಕದ ಸೂತ್ರವನ್ನೇ ಹೆಸರಾಗಿ ಇಡುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಪ್ರಶ್ನಾರ್ಥಕ ಚಿಹ್ನೆಗಳ ನಡುವೆ ‘ಕಾಲಂ’ ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ಕೋಟ್ಯಂತರ ಮೊಬೈಲ್‌ಗಳೊಳಗೆ ಕುಳಿತಿರುವ ಎಸ್‌ಕ್ಯೂಲೈಟ್ ಈ ವಿಷಯದಲ್ಲಿ ನೇರವಾಗಿದೆ: ‘ಆ್ಯಸ್’ ಹಾಕಿ ಹೆಸರಿಟ್ಟಿದ್ದರೆ ಅದೇ ಹೆಸರು ಖಾತರಿ, ಇಲ್ಲದಿದ್ದರೆ ಕಾಲಂ ಹೆಸರು ಏನಾಗಿರುತ್ತದೆ ಎಂಬ ಭರವಸೆ ಇಲ್ಲ, ಆವೃತ್ತಿಯಿಂದ ಆವೃತ್ತಿಗೆ ಅದು ಬದಲಾಗಬಹುದು ಎಂದು ಅದರ ದಾಖಲೆಯಲ್ಲೇ ಬರೆದಿದೆ. ಹೀಗಾಗಿ ಫಲಿತಾಂಶದಿಂದ ಕಾಲಂ ಹೆಸರನ್ನು ಓದಿಕೊಳ್ಳುವುದು ಅರ್ಧ ಕೆಲಸ ಮಾತ್ರ. ಓದಲು ಯೋಗ್ಯವಾದ ಹೆಸರನ್ನು ಕ್ವೆರಿಯಲ್ಲಿ ಇಡುವುದು ಉಳಿದರ್ಧ. ಬರೆದವರು ಹೆಸರಿಡದಿದ್ದರೆ ಯಂತ್ರ ತನಗೆ ತೋಚಿದ ಹೆಸರಿಡುತ್ತದೆ, ಮತ್ತು ಯಂತ್ರದಿಂದ ಯಂತ್ರಕ್ಕೆ ಅದು ಬೇರೆ ಬೇರೆ.

ಹೆಸರು ಸರಿಯಿದ್ದೂ ಅರ್ಥ ಕೆಡುವ ಸಂದರ್ಭವನ್ನು ನಮ್ಮ ನೆಲದ ಅಳತೆಯೇ ತೋರಿಸಿಕೊಡುತ್ತದೆ. ‘ವಿಸ್ತೀರ್ಣ 2.20’ ಎಂದು ಒಂದು ಕಾಲಂನಲ್ಲಿ ಇದೆ ಎನ್ನೋಣ. ಪಹಣಿ ಓದಿ ಅಭ್ಯಾಸವಿರುವವರಿಗೆ ಅದು 2 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಅದು ಎರಡೂವರೆ ಎಕರೆ. ಕಂಪ್ಯೂಟರಿಗಾದರೋ ಅದು ದಶಮಾಂಶ; ಎರಡೂವರೆಗಿಂತ ಸಾಕಷ್ಟು ಕಡಿಮೆ. ಇದರ ಪಕ್ಕದಲ್ಲಿ 1.30 ಎಂಬ ಇನ್ನೊಂದು ತುಂಡು ಇದ್ದು ಎರಡನ್ನೂ ಕೂಡಿಸಬೇಕಾದರೆ ಗ್ರಾಮ ಆಡಳಿತಾಧಿಕಾರಿಗಳು 4 ಎಕರೆ 10 ಗುಂಟೆ ಎನ್ನುತ್ತಾರೆ, ಪ್ರೋಗ್ರಾಂ 3.50 ಎನ್ನುತ್ತದೆ. ಇಲ್ಲಿ ಗುಂಟೆಯ ಲೆಕ್ಕದಲ್ಲೂ ದಶಮಾಂಶದ ಲೆಕ್ಕದಲ್ಲೂ ಕೂಡುವ ಕ್ರಮ ಸರಿಯಾಗಿಯೇ ಇದೆ. ಕಾಲಂ ತನ್ನ ಅಳತೆ ಯಾವುದೆಂದು ಹೇಳದೇ ಇದ್ದದ್ದೇ ದೋಷ. ‘ವಿಸ್ತೀರ್ಣ’ದ ಬದಲು ‘ಎಕರೆ’ ಮತ್ತು ‘ಗುಂಟೆ’ ಎಂಬ ಎರಡು ಕಾಲಂ ಇದ್ದಿದ್ದರೆ ಈ ಎಡವಟ್ಟು ಹುಟ್ಟುತ್ತಲೇ ಇರಲಿಲ್ಲ. ಅಳತೆಯನ್ನು ಹೇಳದ ಅಂಕಿ ದೊಡ್ಡವರನ್ನೂ ಬಿಟ್ಟಿಲ್ಲ. 1999ರಲ್ಲಿ ಮಂಗಳ ಗ್ರಹದ ಬಳಿ ನಾಸಾ ಕಳೆದುಕೊಂಡ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆಯ ವಿಷಯದಲ್ಲಿ ನಡೆದದ್ದೂ ಇದೇ: ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್ ಲೆಕ್ಕವೆಂದು ಓದಿತು.

ಹೆಸರಿನಿಂದಲೇ ಓದಬೇಕು ಎಂಬ ವಾದಕ್ಕೆ ಅನುಭವಿ ಪ್ರೋಗ್ರಾಮರ್‌ಗಳಿಂದ ಬರುವ ಮೊದಲ ಆಕ್ಷೇಪ ವೇಗದ್ದು. ಸಂಖ್ಯೆಯಿಂದ ಓದುವುದು ಚುರುಕು, ಹೆಸರು ಹುಡುಕುತ್ತಾ ಕೂತರೆ ನಿಧಾನ ಎನ್ನುತ್ತಾರೆ. ಕಡ್ಡಿ ಮುರಿದಂತೆ ಹೇಳುವುದಾದರೆ ಇದು ಲಕ್ಷಾಂತರ ಸಾಲುಗಳನ್ನು ಒಮ್ಮೆಗೇ ಅರೆಯುವ ಕಡೆ ನಿಜ, ಐವತ್ತು ಸಾಲು ತೋರಿಸುವ ಜಾಲಪುಟದಲ್ಲಿ ಲೆಕ್ಕಕ್ಕಿಲ್ಲದ ವ್ಯತ್ಯಾಸ. ಮೇಲಾಗಿ ಕಾಲಂ ಹೆಸರನ್ನು ತರಿಸಿಕೊಳ್ಳಲು ಬೇರೆ ಖರ್ಚು ಮಾಡಬೇಕಿಲ್ಲ. ಮೈಎಸ್‌ಕ್ಯೂಎಲ್ ಸಾಲುಗಳನ್ನು ಕಳಿಸುವ ಮೊದಲೇ ಪ್ರತಿ ಕಾಲಂನ ವಿವರವನ್ನು ಕಳಿಸಿರುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲೂ ಹಾಗೆಯೇ ಆಗುತ್ತದೆ. ನಾವು ಓದಿದರೂ ಓದದಿದ್ದರೂ ಅದು ಬಾಗಿಲಿಗೆ ಬಂದು ನಿಂತಿರುತ್ತದೆ. ವೇಗವೇ ಮುಖ್ಯವಾದ ಕಡೆ ಹೆಸರಿನಿಂದ ಸ್ಥಾನವನ್ನು ಒಂದು ಸಲ ಕಂಡುಕೊಂಡು, ಉಳಿದ ಸಾಲುಗಳನ್ನು ಆ ಸ್ಥಾನದಿಂದ ಓದಬಹುದು. ಆಗ ಸ್ಥಾನವನ್ನು ಊಹಿಸಿದಂತಾಗುವುದಿಲ್ಲ, ಡೇಟಾಬೇಸನ್ನೇ ಕೇಳಿ ತಿಳಿದಂತಾಗುತ್ತದೆ. ಎರಡನೆಯ ಆಕ್ಷೇಪ, ಇಂದಿನ ಫ್ರೇಮ್‌ವರ್ಕ್‌ಗಳು ಇದನ್ನೆಲ್ಲ ತಾವೇ ನೋಡಿಕೊಳ್ಳುತ್ತವೆ, ಈ ಚರ್ಚೆಯೇ ಹಳತು ಎಂಬುದು. ಸರಳ ಟೇಬಲ್‌ಗಳ ಮಟ್ಟಿಗೆ ಹೌದು. ಆದರೆ ನಾಲ್ಕಾರು ಟೇಬಲ್ ಜೋಡಿಸಿ, ಮೊತ್ತ ಸರಾಸರಿ ತೆಗೆದು ಕೊಡುವ ವರದಿಗಳಿಗೆ ಬಂದಾಗ ಪ್ರೋಗ್ರಾಮರ್ ಮತ್ತೆ ಕೈಬರಹದ ಎಸ್‌ಕ್ಯೂಎಲ್‌ಗೇ ಇಳಿಯುತ್ತಾನೆ. ತಪ್ಪುಗಳು ಹುಟ್ಟುವುದೂ, ಸಾರ್ವಜನಿಕರು ನೋಡುವುದೂ ಅಂಥ ವರದಿಗಳಲ್ಲೇ.

ಮೂರನೆಯ ಆಕ್ಷೇಪ ಭದ್ರತೆಯದು, ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಕಾಲಂ ಹೆಸರು ಹೊರಗೆ ಬಿದ್ದರೆ ದಾಳಿಕೋರರಿಗೆ ನಕ್ಷೆ ಸಿಕ್ಕಂತೆ ಎಂಬ ಭಯದಲ್ಲಿ ಹುರುಳಿದೆ. ಎಸ್‌ಕ್ಯೂಎಲ್ ಇಂಜೆಕ್ಷನ್ (ಪುಟದಲ್ಲಿ ತುಂಬುವ ಮಾಹಿತಿಯೊಳಗೆ ಕ್ವೆರಿಯ ತುಣುಕು ನುಸುಳಿಸುವ ದಾಳಿ) ನಡೆಸುವವರು ಮೊದಲು ಹುಡುಕುವುದೇ ಟೇಬಲ್ ಮತ್ತು ಕಾಲಂಗಳ ಹೆಸರನ್ನು. ಇನ್ನೊಂದು ಭಯವೂ ಇದೆ. ಫಲಿತಾಂಶದಲ್ಲಿ ಯಾವ ಕಾಲಂ ಬಂದರೂ ಅದರ ಹೆಸರು ಕೇಳಿ ತಾನಾಗಿಯೇ ಕೋಷ್ಟಕ ಕಟ್ಟುವ ಪುಟಕ್ಕೆ ‘ಸೆಲೆಕ್ಟ್ ಸ್ಟಾರ್’ ಜೊತೆಯಾದರೆ, ನಾಳೆ ಯಾರೋ ಸೇರಿಸಿದ ಆಧಾರ್ ಸಂಖ್ಯೆಯ ಕಾಲಂ ಕೂಡ ಊರೆಲ್ಲ ನೋಡುವಂತೆ ಪರದೆಗೆ ಬರುತ್ತದೆ. ಕೇಂದ್ರ, ರಾಜ್ಯ ಸರ್ಕಾರಗಳ ಇಲಾಖೆಗಳೂ ಶಿಕ್ಷಣ ಸಂಸ್ಥೆಗಳೂ ಸೇರಿದಂತೆ ಸುಮಾರು 210 ಜಾಲತಾಣಗಳು ಫಲಾನುಭವಿಗಳ ಹೆಸರು, ವಿಳಾಸದ ಜೊತೆ ಆಧಾರ್ ಸಂಖ್ಯೆಯನ್ನೂ ಪ್ರದರ್ಶಿಸಿದ್ದವು ಎಂದು 2017ರಲ್ಲಿ ಆಧಾರ್ ಪ್ರಾಧಿಕಾರವೇ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿತ್ತು. ಪ್ರತಿ ಕಡೆ ಕಾರಣ ಬೇರೆಯಿರಬಹುದು. ಆದರೆ ಏನನ್ನು ತೋರಿಸಬೇಕು ಎಂಬುದನ್ನು ಒಬ್ಬರು ಕೂತು ಹೆಸರಿಟ್ಟು ನಿರ್ಧರಿಸದಿದ್ದರೆ ಇಂಥದ್ದಕ್ಕೆ ಬಾಗಿಲು ತೆರೆದಿರುತ್ತದೆ. ಹಾಗೆ ನೋಡಿದರೆ ಈ ಆಕ್ಷೇಪ ಹೆಸರಿನ ಪರವಾದ ವಾದವೇ. ತೋರಿಸಬೇಕಾದ ಕಾಲಂಗಳನ್ನು ಒಂದೊಂದಾಗಿ ಹೆಸರಿಸಿ ಕ್ವೆರಿ ಬರೆಯಿರಿ, ಬಂದ ಹೆಸರುಗಳನ್ನು ಒಪ್ಪಿದ ಪಟ್ಟಿಯೊಂದಿಗೆ ಹೋಲಿಸಿ, ಪಟ್ಟಿಯಲ್ಲಿಲ್ಲದ್ದು ಬಂದರೆ ತಡೆಯಿರಿ. ಪಟ್ಟಿಯನ್ನು ಯಾವ ಕಾಲಂ ಪ್ರಕಾರ ಜೋಡಿಸಬೇಕು ಎಂದು ಬಳಕೆದಾರ ಆರಿಸುವಾಗಲೂ ಇದೇ ಕ್ರಮ ಬೇಕು, ಏಕೆಂದರೆ ಇಂಜೆಕ್ಷನ್ ತಡೆಯುವ ಪ್ಯಾರಾಮೀಟರ್ ವಿಧಾನ ಮೌಲ್ಯಗಳಿಗೆ ಕೆಲಸ ಮಾಡುತ್ತದೆ, ಕಾಲಂ ಹೆಸರಿಗೆ ಮಾಡುವುದಿಲ್ಲ. ಒಳಗಿನ ಹೆಸರನ್ನು ಹೊರಗೆ ಕಾಣಿಸಲು ಮನಸ್ಸಿಲ್ಲದಿದ್ದರೆ ‘ಆ್ಯಸ್’ ಹಾಕಿ ಬೇರೆ ಹೆಸರಿಡಬಹುದು. ಹೆಸರೇ ಇಲ್ಲದಂತೆ ಕಳಿಸುವುದರಿಂದ ಕಳ್ಳನಿಗೆ ಆಗುವ ಅಡ್ಡಿಗಿಂತ ಓದುಗನಿಗೆ ಆಗುವ ಅಡ್ಡಿಯೇ ಹೆಚ್ಚು.

ಕನ್ನಡದ ಓದುಗರಿಗೆ ಈ ಹೆಸರುಗಳು ಕನ್ನಡದಲ್ಲೇ ಸಿಗಬೇಡವೇ? ಸಿಗಬೇಕು. ಡೇಟಾಬೇಸ್ ಒಳಗಿನ ಕಾಲಂಗೇ ಕನ್ನಡ ಹೆಸರಿಡಲು ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಕ್ಯೂಎಲ್ ಎರಡೂ ಬಿಡುತ್ತವೆ. ಆದರೆ ಅದು ಜಾಣತನವಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಹೆಸರಿಗೆ ಸಾಮಾನ್ಯವಾಗಿ 63 ಬೈಟ್‌ಗಳ ಮಿತಿಯಿದೆ. ಕನ್ನಡದ ಪ್ರತಿ ವ್ಯಂಜನ, ಸ್ವರಚಿಹ್ನೆ, ಸೊನ್ನೆ ತಲಾ ಮೂರು ಬೈಟ್ ತಿನ್ನುವುದರಿಂದ ಸಿಗುವುದು 21 ಚಿಹ್ನೆಗಳ ಜಾಗ. ‘ಮಂಜೂರಾದ ಸಹಾಯಧನದ ಮೊತ್ತ’ ಹೇಗೋ ಹಿಡಿಸುತ್ತದೆ. ‘ರೂಪಾಯಿಗಳಲ್ಲಿ’ ಎಂದು ಸೇರಿಸಹೋದರೆ ಬಾಲ ತುಂಡಾಗುತ್ತದೆ. ಅದಕ್ಕಿಂತ ಸೂಕ್ಷ್ಮವಾದ ತೊಡಕು ಯುನಿಕೋಡ್‌ನದು. ‘ಕೊಳವೆಬಾವಿ’ಯ ಮೊದಲಕ್ಷರದಲ್ಲಿರುವ ‘ಒ’ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟ್ ಎಣಿಸಿ ಹೋಲಿಸುವ ಡೇಟಾಬೇಸ್‌ಗೆ ಎರಡು ಬೇರೆ ಕಾಲಂ. ಆದ್ದರಿಂದ ಒಳಗಿನ ಹೆಸರು ಚಿಕ್ಕದಾಗಿ, ಬದಲಾಗದಂತೆ ಇರಲಿ. ಅದಕ್ಕೆ ಹೊಂದುವ ಕನ್ನಡ ಶೀರ್ಷಿಕೆ, ಅಳತೆಯ ಘಟಕ, ಒಂದು ಸಾಲಿನ ವಿವರಣೆ ಬೇರೊಂದು ಟೇಬಲ್‌ನಲ್ಲಿರಲಿ. ಪ್ರೋಗ್ರಾಂ ಫಲಿತಾಂಶದಿಂದ ಕಾಲಂ ಹೆಸರು ಓದಿ, ಆ ಟೇಬಲ್‌ನಿಂದ ಶೀರ್ಷಿಕೆ ತಂದು ಪುಟದ ಮೇಲೆ ಹಾಕಲಿ. ಇಳಿಸಿಕೊಳ್ಳುವ ಸಿಎಸ್‌ವಿ ಕಡತಗಳಿಗೂ ದಾರಿ ಸಿದ್ಧವಾಗಿದೆ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ 2015ರ ಡಿಸೆಂಬರ್‌ನಲ್ಲಿ ಹೊರತಂದ ಶಿಫಾರಸಿನ ಪ್ರಕಾರ ಕಡತದ ಜೊತೆಗಿನ ವಿವರಪತ್ರದಲ್ಲಿ ಪ್ರತಿ ಕಾಲಂಗೂ ಒಂದು ಸ್ಥಿರ ಹೆಸರು ಕೊಟ್ಟು, ಶೀರ್ಷಿಕೆಯನ್ನು ಬೇಕಾದಷ್ಟು ಭಾಷೆಗಳಲ್ಲಿ ಕೊಡಬಹುದು.

ಕಾನೂನಿನ ಬೆಂಬಲವೂ ಇದಕ್ಕಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಸಾರ್ವಜನಿಕ ಪ್ರಾಧಿಕಾರಗಳು ಕೇಳುವ ಮೊದಲೇ ಮಾಹಿತಿ ಪ್ರಕಟಿಸಬೇಕು ಎನ್ನುತ್ತದೆ. ಹಾಗೆ ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟುಕೊಳ್ಳಬೇಕು ಎಂದೂ ಅದೇ ಸೆಕ್ಷನ್‌ನಲ್ಲಿದೆ. 2012ರ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿ ಬಂದ ಮೇಲೆ ಸರ್ಕಾರಿ ಅಂಕಿಅಂಶಗಳ ಕಡತಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳುವ ವ್ಯವಸ್ಥೆಯೂ ಆಗಿದೆ. ಇಷ್ಟಿದ್ದೂ ಒಂದು ಕಡತ ತೆರೆದಾಗ ‘ಎಎಂಟಿ1’, ‘ಎಫ್‌ಎಲ್‌ಡಿ7’ ಎಂಬ ತಲೆಬುಡವಿಲ್ಲದ ಹೆಸರುಗಳೋ, ಹೆಸರೇ ಇಲ್ಲದ ಸಂಖ್ಯೆಗಳ ಸಾಲುಗಳೋ ಎದುರಾದರೆ ಅದನ್ನು ಪ್ರಕಟಣೆ ಎನ್ನಲಾಗದು. ಇದನ್ನು ಸರಿಪಡಿಸಲು ಹೊಸ ಕಾಯ್ದೆ ಬೇಡ, ದೊಡ್ಡ ಬಜೆಟ್ ಬೇಡ. ಜಾಲತಾಣ ನಿರ್ಮಾಣದ ಟೆಂಡರ್ ಪತ್ರದಲ್ಲಿ ನಾಲ್ಕು ಷರತ್ತು ಸೇರಿದರೆ ಸಾಕು: ಫಲಿತಾಂಶವನ್ನು ಸ್ಥಾನದಿಂದಲ್ಲ, ಹೆಸರಿನಿಂದಲೇ ಓದಬೇಕು, ಕ್ವೆರಿಯ ಪ್ರತಿ ಕಾಲಂಗೂ ಬೇರೆ ಬೇರೆ ಹೆಸರಿಡಬೇಕು, ತೋರಿಸುವ ಕಾಲಂಗಳ ಪಟ್ಟಿಗೆ ಇಲಾಖೆಯ ಒಬ್ಬ ಅಧಿಕಾರಿ ಸಹಿ ಹಾಕಿರಬೇಕು, ಇಳಿಸಿಕೊಳ್ಳುವ ಪ್ರತಿ ಕಡತದ ಮೊದಲ ಸಾಲಿನಲ್ಲಿ ಕನ್ನಡ ಶೀರ್ಷಿಕೆ, ಅದರ ಜೊತೆ ಅಳತೆಯ ಘಟಕ ಇರಬೇಕು. ಇವನ್ನು ಪಾಲಿಸದ ಜಾಲತಾಣಕ್ಕೆ ಇಲಾಖೆಗಳು ಬಿಲ್ ಪಾಸು ಮಾಡಬಾರದು.